ಹಾಳೆಯ ಮೇಲೆ ಬರೆಯದ್ದು

ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ಅಡುಗೆಕೋಣೆಯಲ್ಲಿ, ಸೌಟು ಚಮಚಗಳ ಖಾನೆಯೊಳಗೆ, ಮೊಳಕ್ಕಿಂತ ತುಸು ಗಿಡ್ಡವಾದ ಒಂದು ಕಡ್ಡಿ ಇದೆ. ಅದರ ತುದಿಗೆ ಅರ್ಧಚಂದ್ರದಂತೆ ಕತ್ತರಿಸಿದ ರಬ್ಬರಿನ ತುಣುಕು. ಬಂದ ಮೊದಲ ತಿಂಗಳು ಪೂರ್ತಿ ಅದನ್ನು ಬಾಟಲಿ ತೊಳೆಯುವ ಸಾಧನವೆಂದೇ ತಿಳಿದಿದ್ದೆ, ತೊಳೆದೂ ಇದ್ದೆ. ಒಂದು ಸಂಜೆ ಮನೆಯೊಡತಿ, ಎಪ್ಪತ್ತು ದಾಟಿದ ಅಜ್ಜಿ, ನೋಡಿ ನಕ್ಕುಬಿಟ್ಟರು. ಅದರ ಹೆಸರು ಫ್ಲೆಸೆನ್‌ಲಿಕ್ಕರ್. ಕನ್ನಡದಲ್ಲಿ ಹೇಳುವುದಾದರೆ ‘ಬಾಟಲಿ ನೆಕ್ಕುಗ’. ಇಲ್ಲಿಯವರು ಊಟದ ಕೊನೆಗೆ ತಿನ್ನುವ ಫ್ಲಾ ಎಂಬ ಹಾಲಿನ ಸಿಹಿ ಹಿಂದೆ ಗಾಜಿನ ಬಾಟಲಿಗಳಲ್ಲಿ ಬರುತ್ತಿತ್ತು. ಮಂದವಾದ ಫ್ಲಾ ಬಾಟಲಿಯ ಒಳಮೈಗೆ ಅಂಟಿಕೊಂಡು ಉಳಿಯುತ್ತಿತ್ತು. ಹಾಗೆ ಉಳಿದ ಎರಡು ಚಮಚಕ್ಕಾಗಿ ಒಂದು ದೇಶವೇ ಪ್ರತ್ಯೇಕ ಸಾಧನ ಮಾಡಿಕೊಂಡಿತು. ಈಗ ಫ್ಲಾ ಕಾಗದದ ಡಬ್ಬಿಯಲ್ಲಿ ಬರುತ್ತದೆ. ಕಡ್ಡಿ ಮಾತ್ರ ಖಾನೆ ಬಿಟ್ಟು ಹೋಗಿಲ್ಲ.

ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಪಾಯಸದ ಪಾತ್ರೆಯ ತಳವನ್ನು ಅಜ್ಜಿ ಹಲಸಿನ ಎಲೆಯಿಂದ ಗೀರುತ್ತಿದ್ದಳು. ಎಲೆಯನ್ನು ಶಂಕುವಿನಂತೆ ಸುತ್ತಿ ಒಂದು ಕಡ್ಡಿ ಚುಚ್ಚಿದರೆ ಗಂಜಿ ಉಣ್ಣುವ ಚಮಚ, ಉದ್ದಕ್ಕೆ ಮಡಚಿದರೆ ತಳ ಗೀರುವ ಸಾಧನ. ಹಲಸಿನ ಎಲೆ ದಪ್ಪ. ಬಗ್ಗುತ್ತದೆ, ಬಿಸಿಗೆ ಬಾಡಿದರೂ ಹರಿಯುವುದಿಲ್ಲ, ಹಿತ್ತಾಳೆಯ ಕಲಾಯಿಗೆ ಗೀಚು ಬೀಳಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕೊಟ್ಟಿಗೆಯ ಎಮ್ಮೆಗೆ ಅದೊಂದು ಸಿಹಿತಿಂಡಿ. ಈ ಸಾಧನಕ್ಕೆ ಹೆಸರಿರಲಿಲ್ಲ, ಖಾನೆ ಇರಲಿಲ್ಲ. ಬೇಕೆಂದಾಗ ಹಿತ್ತಲಿಗೆ ಹೋದರೆ ಆಯಿತು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಎರಡು ಚಟಗಳಿವೆ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವುದು ಒಂದು, ‘ನಮ್ಮವರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು’ ಎನ್ನುವುದು ಇನ್ನೊಂದು. ನನಗೆ ಎರಡೂ ಇವೆ, ಕೆಲವೊಮ್ಮೆ ಒಂದೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು. ಆದ್ದರಿಂದ ಕಡ್ಡಿ ಮೇಲೋ ಎಲೆ ಮೇಲೋ ಎಂಬ ಪಂದ್ಯ ಬೇಡ. ನನ್ನನ್ನು ಕಾಡುವುದು ಬೇರೆ ಸಂಗತಿ. ಬಾಟಲಿ ನೆಕ್ಕುಗಕ್ಕೆ ಈಗ ಕೆಲಸವೇ ಇಲ್ಲ, ಆದರೂ ಅದು ಉಳಿದಿದೆ. ನಮ್ಮ ಹಲಸಿನ ಎಲೆಗೆ ಇವತ್ತಿಗೂ ಕೆಲಸವಿದೆ, ಆದರೆ ಮನೆಗೆ ಪ್ಲಾಸ್ಟಿಕ್ ಮೊಗಚುವ ಕೈ ಬಂದ ದಿನ ಅದು ಹೋಯಿತು. ಹೋಯಿತೆಂದು ಯಾರಿಗೂ ಗೊತ್ತಾಗಲೂ ಇಲ್ಲ. ನನಗೆ ಗೊತ್ತಾದದ್ದು ಇಲ್ಲಿಗೆ ಬಂದು, ಪರರ ಖಾನೆ ತೆರೆದ ಮೇಲೆ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಾರಿನ ಬಾಗಿಲ ಹಿಡಿಕೆಗಳ ನಕ್ಷೆ ಬರೆದೆ. ಹಿಡಿಯುವ ಕೈಯ ಬಗ್ಗೆ ಆ ನಾಲ್ಕು ವರ್ಷದಲ್ಲಿ ಯಾರೂ ಒಂದು ಮಾತನ್ನೂ ಆಡದಿದ್ದದ್ದು ಬೇಸರವಾಗಿ ವಿನ್ಯಾಸ ಕಲಿಯಲು ಇತ್ತ ಬಂದೆ. ಐಂಡ್‌ಹೋವನ್ ಚಂದದ ಊರೇನೂ ಅಲ್ಲ. 1891ರಲ್ಲಿ ಬಲ್ಬು ಮಾಡಲೆಂದು ಫಿಲಿಪ್ಸ್ ಕಂಪನಿ ಇಲ್ಲಿ ಹುಟ್ಟಿತು, ಊರು ಕಾರ್ಖಾನೆಯ ಸುತ್ತ ಬೆಳೆಯಿತು. ಆಮೇಲೆ ಕಾರ್ಖಾನೆಗಳು ಹೋದವು, ಕಟ್ಟಡಗಳು ಉಳಿದವು. ಆ ಕಟ್ಟಡಗಳಲ್ಲಿ ಈಗ ಕುರ್ಚಿ ಮಾಡುವವರು, ಬಟ್ಟೆ ನೇಯುವವರು, ಅಣಬೆಯ ಬೇರಿನಂಥ ಎಳೆಗಳಿಂದ ಇಟ್ಟಿಗೆ ಬೆಳೆಸುವವರು ಸೇರಿಕೊಂಡಿದ್ದಾರೆ. ಪ್ರತಿ ಅಕ್ಟೋಬರಿನಲ್ಲಿ ಒಂಬತ್ತು ದಿನ ಡಚ್ ವಿನ್ಯಾಸ ಸಪ್ತಾಹ. ಒಂಬತ್ತು ದಿನಕ್ಕೆ ಸಪ್ತಾಹ ಎನ್ನುವ ಇವರ ಲೆಕ್ಕ ನಮ್ಮ ಊರಿನ ಭಜನಾ ಸಪ್ತಾಹದವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ.

ಮೊದಲ ವರ್ಷ ಆ ಸಪ್ತಾಹದಲ್ಲಿ ಸುತ್ತುವಾಗ ನನಗೆ ಹಿಡಿಸಿದ್ದು ಮುಗಿದ ವಸ್ತುಗಳಿಗಿಂತ ಮುಗಿಯದವು. ಬಿರುಕು ಬಿಟ್ಟ ತುಂಡು, ಬೂಸ್ಟು ಹಿಡಿದ ತುಂಡು, ಸುಟ್ಟು ಕರಕಲಾದ ತುಂಡು ಎಲ್ಲವನ್ನೂ ಸಾಲಾಗಿ ಜೋಡಿಸಿ, ಪ್ರತಿಯೊಂದರ ಕೆಳಗೆ ಏನು ಬೆರೆಸಿದೆ, ಎಷ್ಟು ಹೊತ್ತು, ಎಷ್ಟು ಶಾಖ ಎಂದು ಚೀಟಿ ಅಂಟಿಸಿದ್ದರು. ನಾವು ಮೊದಲ ದೋಸೆಯನ್ನು ನಾಯಿಗೆ ಹಾಕುತ್ತೇವೆ. ಇವರು ಅದನ್ನು ಮೇಜಿನ ಮೇಲಿಟ್ಟು ಹೆಸರು ಬರೆಯುತ್ತಾರೆ.

ಪೀಟ್ ಹೇನ್ ಎಕ್ ಎಂಬವರು ಇದೇ ಊರಿನಲ್ಲಿ ವಿನ್ಯಾಸ ಕಲಿತು 1990ರಲ್ಲಿ ಹೊರಬಂದವರು. ಗುಜರಿ ಮರದ ಹಲಗೆಗಳಿಂದ ಒಂದು ಬೀರು ಮಾಡಿದರು. ಬಣ್ಣ ಹೋದ ಕಿಟಕಿ ಚೌಕಟ್ಟು, ಒಡೆದ ಬಾಗಿಲು, ಹೀಗೆ ಸಿಕ್ಕಿದ ಚೂರುಗಳನ್ನೆಲ್ಲ ಅವುಗಳ ಹಳೆಯ ಬಣ್ಣದ ಸಮೇತ ಜೋಡಿಸಿ, ಮೇಲೆ ಹೊಳಪು ಕೊಟ್ಟದ್ದು. ಅವರ ತರ್ಕ ಸರಳ. ಈ ದೇಶದಲ್ಲಿ ಮರ ಅಗ್ಗ, ಕೈಕೆಲಸ ದುಬಾರಿ. ಹಾಗಾಗಿ ಕೈಕೆಲಸ ಉಳಿಸಲು ಎಲ್ಲರೂ ಮರವನ್ನು ಪೋಲು ಮಾಡುತ್ತಾರೆ. ಅದನ್ನು ತಿರುಗಿಸಿ, ಬೆಲೆಯಿಲ್ಲದ ಮರಕ್ಕೆ ಬೆಲೆಬಾಳುವ ಕೆಲಸವನ್ನು ಸುರಿದರೆ ಏನಾಗುತ್ತದೆ? ಆ ಬೀರುಗಳ ಬೆಲೆ ಈಗ ನನ್ನ ಒಂದು ವರ್ಷದ ಬಾಡಿಗೆಯ ಆಸುಪಾಸು.

ಇದರಿಂದ ಉತ್ಸಾಹಗೊಂಡು ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ, ಕೆಡವಿದ ಕೊಟ್ಟಿಗೆಯ ಹಲಗೆಗಳಿಂದ ಜಗುಲಿಗೊಂದು ಕಪಾಟು ಮಾಡಿಸೋಣ ಎಂದು. ಅಪ್ಪ ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು: ‘ಯಾಕೆ, ದುಡ್ಡಿಗೆ ಏನಾದರೂ ತೊಂದರೆಯಾಗಿದೆಯೇನು?’

ಅಪ್ಪನದು ತಪ್ಪಲ್ಲ. ನಮ್ಮಲ್ಲಿ ಲೆಕ್ಕವೇ ಉಲ್ಟಾ. ಮರ ದುಬಾರಿ, ಆಚಾರಿಯ ದಿನಗೂಲಿ ಮೊನ್ನೆ ಮೊನ್ನೆಯವರೆಗೂ ಅಗ್ಗ. ಹಾಗಾಗಿ ಹಳೆಯ ಮರವನ್ನು ಮತ್ತೆ ಬಳಸುವುದು ನಮಗೆ ತತ್ತ್ವವೇ ಅಲ್ಲ, ದಿನದ ಬದುಕು. ತೊಲೆಯಾಗಿದ್ದದ್ದು ಹೊಸ್ತಿಲಾಗುತ್ತದೆ, ಹೊಸ್ತಿಲು ಮಣೆಯಾಗುತ್ತದೆ, ಮಣೆ ಬಚ್ಚಲ ಒಲೆ ಸೇರುತ್ತದೆ. ಬಡತನದ ಗುರುತಾಗಿದ್ದದ್ದನ್ನು ಜಗುಲಿಯಲ್ಲಿ ಮೆರೆಸು ಎಂದರೆ ಯಾರಿಗೆ ಇಷ್ಟವಾದೀತು? ಒಂದೇ ಬೀರು ಐಂಡ್‌ಹೋವನ್‌ನಲ್ಲಿ ಬಂಡಾಯ, ಊರಿನಲ್ಲಿ ಅವಮಾನ. ಕಲಿತದ್ದನ್ನು ಪೆಟ್ಟಿಗೆಯಲ್ಲಿ ತುಂಬಿ ಊರಿಗೆ ಒಯ್ಯುವುದು ಕಷ್ಟ ಎಂದು ಆ ದಿನ ಅರ್ಥವಾಯಿತು. ಹಾಗೆಯೇ ಮಾರ್ಟನ್ ಬಾಸ್ ಎಂಬ ಡಚ್ ವಿನ್ಯಾಸಕ 2002ರಲ್ಲಿ ಕುರ್ಚಿಗಳನ್ನು ಬೆಂಕಿಯಲ್ಲಿ ಸುಟ್ಟು, ಕರಿಯಾದ ಮೈಗೆ ರಾಳ ಬಳಿದು ಪ್ರಸಿದ್ಧರಾದರು. ನಮ್ಮ ಬೇಲಿಯ ಗೂಟಗಳ ಬುಡವನ್ನೂ ಸುಟ್ಟೇ ನೆಡುತ್ತೇವೆ, ಗೆದ್ದಲು ಹತ್ತದಿರಲಿ ಎಂದು. ಎರಡೂ ಸುಟ್ಟ ಮರವೇ, ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಎಳೆದು ದೊಡ್ಡದು ಮಾಡಬಾರದು.

ಎಳೆಯಬಹುದಾದ ಒಂದು ಹೋಲಿಕೆ ಉಟ್ರೆಕ್ಟ್‌ನಲ್ಲಿ ಸಿಕ್ಕಿತು. ಅದು ಗೆರಿಟ್ ರಿಟ್‌ವೆಲ್ಡ್ ಎಂಬ ಬಡಗಿಯ ಮಗನ ಊರು. ಅವನು ಅಪ್ಪನ ಕಾರ್ಯಾಗಾರದಲ್ಲೇ ಕೆಲಸ ಕಲಿತವನು. ಅವನು 1924ರಲ್ಲಿ ಕಟ್ಟಿದ, ಮಹಡಿಯಲ್ಲಿ ಗೋಡೆಗಳನ್ನೇ ಸರಿಸಬಹುದಾದ ಮನೆಯನ್ನು ನೋಡಲು ಹೋಗಿದ್ದೆ. ಆದರೆ ನನ್ನ ಮನಸ್ಸು ನಿಂತದ್ದು ಅವನು 1934ರಲ್ಲಿ ಮಾಡಿದ ಝಿಗ್‌ಝ್ಯಾಗ್ ಕುರ್ಚಿಯಲ್ಲಿ. ನಾಲ್ಕೇ ಹಲಗೆ. ನೆಲಕ್ಕೊಂದು, ಓರೆಗೊಂದು, ಕೂರಲೊಂದು, ಬೆನ್ನಿಗೊಂದು. ಕಾಲುಗಳಿಲ್ಲ. ನೋಡಿದರೆ ಈಗ ಮುರಿದು ಬೀಳುತ್ತದೆ ಎನ್ನಿಸಬೇಕು, ಬೀಳುವುದಿಲ್ಲ. ಹಲಗೆ ಹಲಗೆಗೆ ಸೇರುವಲ್ಲಿ ಪಾರಿವಾಳದ ಬಾಲದಂತೆ ಕೊರೆದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿವೆ.

ಅದರ ಮುಂದೆ ನಿಂತಾಗ ನೆನಪಾದದ್ದು ಕೊಟ್ಟೆ ಕಡುಬು. ನಗಬೇಡಿ. ನಾಲ್ಕು ಹಲಸಿನ ಎಲೆಗಳನ್ನು ಕೂಡುವ ಗುರುತಿನಂತೆ ತುದಿ ಹೊರಗೆ, ತೊಟ್ಟು ಒಳಗೆ ಇಟ್ಟು, ನಡುವಿನಲ್ಲಿ ತೆಂಗಿನ ಗರಿಯ ಕಡ್ಡಿಯಿಂದ ಹೊಲಿಯಬೇಕು. ಆಮೇಲೆ ಪಕ್ಕದ ಎಲೆಗಳನ್ನು ಒಂದೊಂದಾಗಿ ಮೇಲೆತ್ತಿ, ಅಂಚು ಅಂಚಿಗೆ ಹೊಂದಿಸಿ, ಮತ್ತೆ ಕಡ್ಡಿ ಚುಚ್ಚುತ್ತ ಬಂದರೆ ಲೋಟದಂಥ ಕೊಟ್ಟೆ. ಚುಚ್ಚಿದ ಕಡ್ಡಿಯನ್ನು ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ತಂದು ತುದಿಯನ್ನು ಚಿವುಟಿ ಹಾಕಬೇಕು. ಉದ್ದ ಬಿಟ್ಟರೆ ತಿನ್ನುವವರ ನಾಲಿಗೆಗೆ ಚುಚ್ಚೀತು. ಎಲೆಯ ನಯವಾದ ಮೈ ಒಳಗಿರಬೇಕು, ಕಡುಬು ಅಂಟದೆ ಬಿಡಲು. ಹಿಟ್ಟನ್ನು ಮುಕ್ಕಾಲಿಗೆ ನಿಲ್ಲಿಸಬೇಕು, ಬೆಂದಾಗ ಉಬ್ಬಲು ಜಾಗ. ಅಚ್ಚು, ಅಳತೆ, ಕಟ್ಟು, ಪರಿಮಳ ಎಲ್ಲ ಒಂದೇ ವಸ್ತುವಿನಲ್ಲಿ. ನಾಲ್ಕು ಎಲೆ ಎಂದಿಗೂ ಐದಾಗಲಿಲ್ಲ, ಮೂರೂ ಆಗಲಿಲ್ಲ. ಯಾಕೆ ನಾಲ್ಕು ಎಂದು ಅಜ್ಜಿಯನ್ನು ಕೇಳಿದ್ದರೆ ‘ಕೊಟ್ಟೆ ಎಂದರೆ ನಾಲ್ಕು’ ಎನ್ನುತ್ತಿದ್ದಳು. ಐದು ಎಲೆ ಇಟ್ಟು ನಾನು ಇಲ್ಲಿ ಕಾಗದದಲ್ಲಿ ಮಾಡಿ ನೋಡಿದೆ. ಪದರ ಹೆಚ್ಚಾಗಿ ಕಡ್ಡಿ ದಾಟುವುದಿಲ್ಲ. ಮೂರರಲ್ಲಿ ಬುಡಕ್ಕೆ ತೂತು ಉಳಿಯುತ್ತದೆ. ಯಾರೋ ಎಂದೋ ಐದು, ಮೂರು ಎಲ್ಲವನ್ನೂ ಮಾಡಿ ಸೋತಿರಬೇಕು. ಅವರ ಸೋಲಿನ ಚೀಟಿ ನಮ್ಮ ಕೈಗೆ ಬರಲಿಲ್ಲ, ಗೆಲುವು ಮಾತ್ರ ಬಂತು.

ನಮ್ಮ ವಸ್ತುವಿಗೆ ಇಂಥ ಪ್ರಶ್ನೆಗಳನ್ನು ಹೊರಗಿನವರು ಬಂದು ಕೇಳಿದ್ದೂ ಉಂಟು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿ ಭಾರತ ಸರ್ಕಾರದ ಕರೆಯ ಮೇಲೆ ಬಂದು, ತಿರುಗಾಡಿ, 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಲು ಅದೇ ಮೂಲ. ದೇಶದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಮೆಚ್ಚಿ ಎತ್ತಿ ಹಿಡಿದದ್ದು ನಮ್ಮ ಚೊಂಬನ್ನು. ಮೆಚ್ಚಿದ್ದು ದೊಡ್ಡದಲ್ಲ, ಅದಕ್ಕೆ ಕೇಳಿದ ಪ್ರಶ್ನೆಗಳ ಪಟ್ಟಿ ದೊಡ್ಡದು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಯಾರದು, ಎಷ್ಟು ದೊಡ್ಡದು? ತಲೆಯ ಮೇಲೋ ಸೊಂಟದ ಮೇಲೋ? ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಖಾಲಿಯಾದಾಗ ಎಲ್ಲಿ? ಕಲ್ಲಿನ ಮೇಲಿಟ್ಟರೆ ಯಾವ ಸದ್ದು? ಹುಟ್ಟಿದಂದಿನಿಂದ ಚೊಂಬಿನಲ್ಲಿ ನೀರು ಕುಡಿದ ನಾನು ಅದರ ಸದ್ದನ್ನು ಕೇಳಿಸಿಕೊಂಡದ್ದು ಈ ಪಟ್ಟಿ ಓದಿದ ಮೇಲೆ.

ಹಾಗೆಂದು ನಮ್ಮಲ್ಲಿ ಎಲ್ಲವೂ ಮಾಯವಾಗುತ್ತಿದೆ ಎಂದು ಗೋಳಾಡುವವನಲ್ಲ ನಾನು. ಚನ್ನಪಟ್ಟಣದವರನ್ನು ನೋಡಿ. ತಿರುಗುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಆ ಗೊಂಬೆಗಳಿಗೆ ಊರಿನ ಹೆಸರಿದೆ, ಭೌಗೋಳಿಕ ಗುರುತಿನ ರಕ್ಷಣೆಯಿದೆ. ಚೀನಾದ ಪ್ಲಾಸ್ಟಿಕ್ ಬಂದು ಪೆಟ್ಟು ಕೊಟ್ಟಾಗ ಸರ್ಕಾರ, ಸಂಘ ಸಂಸ್ಥೆಗಳು, ಪತ್ರಿಕೆಗಳು ಎಲ್ಲ ಅಯ್ಯೋ ಎಂದವು. ಹಲಸಿನ ಎಲೆಯ ಚಮಚಕ್ಕೆ ಅಯ್ಯೋ ಎನ್ನಲು ಏನೆಂದು ಕರೆಯಬೇಕು?

ಊಟದ ವಿನ್ಯಾಸ ಎಂಬ ವಿಷಯವಿದೆ ಎಂದಾಗ ಮನೆಯಲ್ಲಿ ಎಲ್ಲರಿಗೂ ತಮಾಷೆ. ಅಮ್ಮ ‘ಹಾಗಾದರೆ ನನಗೂ ಒಂದು ಡಿಗ್ರಿ ಕೊಡಿಸು’ ಎಂದಳು. ಈ ದೇಶದ ಮರೈಯೆ ಫೋಗೆಲ್‌ಝಾಂಗ್ ಈ ಕೆಲಸಕ್ಕೆ ಹೆಸರಾದವರು. ಆಹಾರವನ್ನು ಪ್ರಕೃತಿಯೇ ವಿನ್ಯಾಸ ಮಾಡಿದೆ, ನಾನು ಮಾಡುವುದು ಉಣ್ಣುವುದರ ವಿನ್ಯಾಸ ಎನ್ನುತ್ತಾರೆ. 2005ರಲ್ಲಿ ಅವರೊಂದು ಔತಣ ಏರ್ಪಡಿಸಿದ್ದರು. ಮೇಜಿನ ಬಿಳಿ ಹೊದಿಕೆಯನ್ನು ಮೇಜಿಗೆ ಹಾಸದೆ ಚಾವಣಿಯಿಂದ ಇಳಿಬಿಟ್ಟು, ಅದರಲ್ಲಿ ಸೀಳುಗಳನ್ನು ಮಾಡಿದ್ದರು. ಊಟಕ್ಕೆ ಬಂದವರು ತಲೆ, ಕೈಗಳನ್ನು ಸೀಳಿನೊಳಗೆ ತೂರಿಸಿ ಕೂರಬೇಕು. ಮೈಮೇಲಿನ ಬಟ್ಟೆ ಯಾರಿಗೂ ಕಾಣದು. ಒಬ್ಬರು ಹೊದಿಕೆ ಜಗ್ಗಿದರೆ ಎದುರಿನವರಿಗೆ ತಿಳಿಯುತ್ತದೆ. ತಟ್ಟೆಗಳಲ್ಲಿ ಕೆಲವನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. ಒಬ್ಬರಿಗೆ ಕರಬೂಜ, ಎದುರಿನವರಿಗೆ ಹಂದಿಮಾಂಸ. ಈ ದೇಶದಲ್ಲಿ ಅವೆರಡೂ ಜೋಡಿ, ಹಾಗಾಗಿ ಯಾರೂ ಹೇಳದೆಯೇ ಹಂಚಿಕೊಳ್ಳಲು ಶುರುಮಾಡಿದರಂತೆ.

ತರಗತಿಯಲ್ಲಿ ಇದರ ಮಾತು ಬಂದಾಗ ನನ್ನ ಬೆಳಗಿನ ಚಟ ಎದ್ದುಕೊಂಡಿತು. ಬಾಳೆಎಲೆಯ ಊಟದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಎಲೆಯ ಕುಡಿ ಎಡಕ್ಕೆ, ಅಗಲದ ಕಡೆ ಬಲಕ್ಕೆ. ಬಲಗೈಯಲ್ಲಿ ಕಲಸುವವನಿಗೆ ಬಲಕ್ಕೇ ಜಾಗ ಬೇಕು. ನಡುವಿನ ದಂಟು ಒಂದು ಗೋಡೆ. ಆಚೆ ಕೋಸಂಬರಿ, ಪಲ್ಯ, ಗೊಜ್ಜು. ಈಚೆ ಅನ್ನ. ಉಪ್ಪು ಎಡತುದಿಗೆ, ನೀರು ತಾಗದಲ್ಲಿ. ಅಂಚಿಲ್ಲದ ಎಲೆಯ ಮೇಲೆ ಸಾರು ನಿಲ್ಲುವುದು ಹೇಗೆ? ಅನ್ನದಲ್ಲೇ ಗುಳಿ ತೋಡಬೇಕು, ಉಣ್ಣುವವನೇ ತನ್ನ ಬಟ್ಟಲನ್ನು ಕಟ್ಟಿಕೊಳ್ಳಬೇಕು. ಕಟ್ಟೆ ಒಡೆದರೆ ಹರಿದು ಬರುವ ಸಾರನ್ನು ಹಿಂಬಾಲಿಸುವ ಗಡಿಬಿಡಿ, ಪಕ್ಕದವರ ನಗು. ಬಡಿಸುವವನು ಬಗ್ಗಿ ನಡೆಯುವ ಓಣಿ ಎಷ್ಟಗಲ ಇರಬೇಕು, ಸೌಟಿನ ಹಿಡಿ ಎಷ್ಟುದ್ದ ಇರಬೇಕು, ‘ಸಾರು, ಸಾರು’ ಎಂಬ ಕೂಗು ಎಷ್ಟು ಎಲೆ ಮುಂಚೆ ಕೇಳಬೇಕು, ಎಲ್ಲವನ್ನೂ ಚಿತ್ರ ಬರೆದು ತೋರಿಸಿದೆ. ಎಲ್ಲರೂ ಮೆಚ್ಚಿದರು. ಆಮೇಲೆ ಇಂಡೋನೇಷ್ಯಾದ ಸಹಪಾಠಿಯೊಬ್ಬಳು ಕೈಯೆತ್ತಿ ಕೇಳಿದಳು: ಈ ಸಾಲಿನಲ್ಲಿ ಯಾರು ಬೇಕಾದರೂ ಕೂರಬಹುದೇ?

ನನ್ನ ಬಳಿ ಅದಕ್ಕೆ ಚಿತ್ರವಿರಲಿಲ್ಲ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಊಟ ಎರಡು ಕಡೆ. ಜಗುಲಿಯಲ್ಲಿ ನಾವು, ಅಂಗಳದಲ್ಲಿ ಮರ ಹತ್ತಿದವರು. ಎಲೆ ಅದೇ ತೋಟದ್ದು, ಸಾರು ಅದೇ ಪಾತ್ರೆಯದು. ಅವರ ಎಲೆಯನ್ನು ಅವರೇ ಹಾಸಿಕೊಳ್ಳಬೇಕು, ಉಂಡ ಮೇಲೆ ಅವರೇ ಎತ್ತಬೇಕು. ಸೌಟು ಆ ಕಡೆ ಒಂದು ಗೇಣು ಎತ್ತರದಿಂದ ಸುರಿಯುತ್ತಿತ್ತು. ಹಿಡಿಯ ಉದ್ದದ ಬಗ್ಗೆ ಅಷ್ಟು ಮಾತಾಡಿದ ನಾನು ಈ ಗೇಣನ್ನು ಅಳೆದಿರಲಿಲ್ಲ. ಅದೂ ವಿನ್ಯಾಸವೇ, ಬಹಳ ಯೋಚಿಸಿ ಮಾಡಿದ್ದೇ. ಅಪರಿಚಿತರನ್ನು ಒಂದೇ ಬಟ್ಟೆಯೊಳಗೆ ಕೂರಿಸಲು ಫೋಗೆಲ್‌ಝಾಂಗ್ ಚಾವಣಿಗೆ ಹಗ್ಗ ಕಟ್ಟಿದರು. ಗೊತ್ತಿದ್ದವರನ್ನೇ ಬೇರೆ ಕೂರಿಸಲು ನಮಗೆ ಹಗ್ಗವೂ ಬೇಕಾಗಲಿಲ್ಲ. ಈಗ ಊರಿನಲ್ಲಿ ಎಲ್ಲರೂ ಮೇಜಿನ ಮೇಲೆ ಉಣ್ಣುತ್ತಾರೆ, ಕೊಯ್ಲಿನವರಿಗೂ ಅದೇ ಮೇಜು. ಮೇಜಿಗೆ ಬಾಳೆಎಲೆಯ ಚಿತ್ರವಿರುವ ಪ್ಲಾಸ್ಟಿಕ್ ಮೆತ್ತಿದ ಕಾಗದದ ಎಲೆ. ಆ ಕಾಗದದ ಎಲೆಯನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೇಜನ್ನು ಕಂಡರೆ ಬರುವುದಿಲ್ಲ.

ಅಡುಗೆಕಟ್ಟೆಯ ವಿಷಯಕ್ಕೂ ಹಾಗೆಯೇ ಎರಡು ಮನಸ್ಸು. ಇಲ್ಲಿಯ ಕಟ್ಟೆ ಇಲ್ಲಿಯ ಜನರ ಎತ್ತರಕ್ಕೆ ಕಟ್ಟಿದ್ದು. ಚಪಾತಿ ಲಟ್ಟಿಸಲು ನಾನು ಎರಡು ದಪ್ಪ ಪುಸ್ತಕಗಳ ಮೇಲೆ ನಿಲ್ಲುತ್ತೇನೆ. ನಮ್ಮ ಮನೆಗೆ ಗ್ರಾನೈಟ್ ಕಟ್ಟೆ ಬಂದಾಗ ಅಜ್ಜಿಯ ಮಂಡಿಗೆ ಸುಖವಾಯಿತು. ಆದರೆ ಮೆಟ್ಟುಗತ್ತಿ? ಕಾಲಲ್ಲಿ ಮೆಟ್ಟಿ ಹಿಡಿದು, ಎರಡೂ ಕೈಗಳಿಂದ ಹಲಸಿನಕಾಯಿಯನ್ನು ಅಲಗಿನ ಕಡೆ ತಳ್ಳುವ ಸಾಧನ ಅದು. ಮೈಭಾರವೇ ಅದರ ಬಲ. ಅಜ್ಜಿ ಅದನ್ನು ಕಟ್ಟೆಯ ಮೇಲಿಟ್ಟು, ನಿಂತು ಹೆಚ್ಚಲು ನೋಡಿದಳು. ಮೆಟ್ಟಲು ಕಾಲಿಲ್ಲದೆ ಅದು ಜಾರಿತು. ಕಡೆಗೆ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು ಹೆಚ್ಚಿ, ಎದ್ದು ಕಟ್ಟೆಯ ಮೇಲೆ ಬೇಯಿಸಿದಳು. ದಿನಕ್ಕೆ ಹತ್ತು ಸಲ ಕೂತು ಏಳುವ ಕೆಲಸ ಹೊಸದಾಗಿ ಸೇರಿಕೊಂಡಿತು. ಕಟ್ಟೆ ಕಟ್ಟಿದ ಮೇಸ್ತ್ರಿ ಏನು ಹೆಚ್ಚುತ್ತೀರಿ, ಯಾವುದರಿಂದ ಹೆಚ್ಚುತ್ತೀರಿ ಎಂದು ಅವಳನ್ನು ಕೇಳಿರಲಿಲ್ಲ. ನಮಗೂ ಕೇಳಬೇಕೆಂದು ತೋಚಲಿಲ್ಲ.

ಈ ವರ್ಷದ ನನ್ನ ಕೆಲಸ ಅಡಿಕೆ ಹಾಳೆಯ ಮೇಲೆ, ಅಂದರೆ ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ ದಪ್ಪ ಪೊರೆಯ ಮೇಲೆ. ಪ್ರೇರಣೆ ಮಾತ್ರ ಒಂದು ಹಂದಿ. ಕ್ರಿಸ್ಟೀನ್ ಮೈಂಡರ್ಟ್ಸ್‌ಮಾ ಎಂಬ ಡಚ್ ವಿನ್ಯಾಸಕಿ 05049 ಎಂಬ ಸಂಖ್ಯೆಯ ಒಂದು ಹಂದಿ ಸತ್ತ ಮೇಲೆ ಅದರ ಒಂದೊಂದು ಭಾಗವೂ ಎಲ್ಲೆಲ್ಲಿಗೆ ಹೋಯಿತೆಂದು ಬೆನ್ನುಹತ್ತಿ 185 ವಸ್ತುಗಳನ್ನು ಪತ್ತೆಮಾಡಿ 2007ರಲ್ಲಿ ಪ್ರಕಟಿಸಿದರು. ಬ್ರೆಡ್ಡು, ಬಂದೂಕಿನ ಗುಂಡು, ಹೃದಯದ ಕವಾಟ ಎಲ್ಲ ಆ ಪಟ್ಟಿಯಲ್ಲಿವೆ. ಓದಿ ಮುಗಿಸಿದ ರಾತ್ರಿಯೇ ಅಡಿಕೆ ಮರಕ್ಕೆ ಇಂಥದ್ದೇ ಪಟ್ಟಿ ಮಾಡಲು ಕೂತೆ. ಕಾಂಡ ಸೀಳಿದರೆ ದಬ್ಬೆ, ಸೋಗೆ ಚಪ್ಪರಕ್ಕೆ, ಸಿಪ್ಪೆ ಒಲೆಗೆ. ಹಾಳೆಗೆ ಬಂದಾಗ ಪಟ್ಟಿ ಉದ್ದವಾಯಿತು. ಎಳೆಗೂಸನ್ನು ಮಲಗಿಸಿ ಮೀಯಿಸುವುದು ಹಾಳೆಯಲ್ಲಿ. ಅದೇ ಕೂಸು ಬೆಳೆದ ಮೇಲೆ ಅಂಗಳದಲ್ಲಿ ಕೂತು ಎಳೆಸಿಕೊಳ್ಳುವ ಗಾಡಿಯೂ ಹಾಳೆ. ತೋಟಕ್ಕೆ ನೀರು ಚಿಮ್ಮಿಸಲು, ತಲೆಗೆ ಟೊಪ್ಪಿಗೆ, ಸೆಕೆಗೆ ಬೀಸಣಿಗೆಗೆ. ಕನ್ನಡದಲ್ಲಿ ಬರೆಯುವ ಕಾಗದಕ್ಕೂ ಹಾಳೆ ಎಂದೇ ಹೆಸರು. ಆದರೆ ಈ ಹಾಳೆಯ ಬಗ್ಗೆ ಆ ಹಾಳೆಯ ಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಸಾಲು ಬರೆದಿಟ್ಟಿರಲಿಲ್ಲ.

ಮೊದಲು ತಟ್ಟೆ ಮಾಡುವ ಯೋಚನೆಯಿತ್ತು. ಅಷ್ಟರಲ್ಲಿ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಗೆ ಊಟಕ್ಕೆ ಬಳಸುವ ಒಪ್ಪಿಗೆಯಿಲ್ಲ ಎಂದಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ತಟ್ಟೆಯಿಂದ ಅನ್ನಕ್ಕೆ ಇಳಿಯಬಹುದೆಂಬುದು ಕಾರಣ. ನಮ್ಮ ಊರಿನ ವಾಟ್ಸ್ಆ್ಯಪ್ ಗುಂಪು ಕೊತಕೊತ ಕುದಿಯಿತು. ‘ನಮ್ಮ ಅಜ್ಜಂದಿರು ಉಂಡು ಸತ್ತರೇನು?’ ಎಂಬುದೇ ಎಲ್ಲರ ವಾದ. ನಮ್ಮ ಅಜ್ಜ ಉಂಡದ್ದು ಬಾಳೆಎಲೆಯಲ್ಲಿ ಎಂದು ನೆನಪಿಸಿದೆ. ಬಿಸಿ ಅಚ್ಚಿನಲ್ಲಿ ಒತ್ತಿದ ಹಾಳೆ ತಟ್ಟೆ ನನ್ನ ಕಣ್ಣೆದುರೇ ಊರಿಗೆ ಬಂದದ್ದು. ತಟ್ಟೆ ಮಾಡಿ ಬದುಕುವ ಮನೆಗಳಿಗೆ ಇದು ದೊಡ್ಡ ಹೊಡೆತ, ಆ ಸಂಕಟ ಸಣ್ಣದಲ್ಲ. ಆದರೆ ಬಿಸಿ ಸಾರು ಬಿದ್ದರೆ ಹಾಳೆಯಿಂದ ಏನು ಇಳಿಯುತ್ತದೆ ಎಂಬ ಪ್ರಶ್ನೆಯನ್ನು ಅಡಿಕೆ ಬೆಳೆಯುವ ನಾವು ಅವರಿಗಿಂತ ಮೊದಲು ಕೇಳಬೇಕಿತ್ತು ಎಂದು ಬರೆದೆ. ನನ್ನ ಚಿಕ್ಕಪ್ಪ ಅಂದಿನಿಂದ ನನಗೆ ಶುಭೋದಯ ಕಳಿಸುತ್ತಿಲ್ಲ.

ಹಾಗಾಗಿ ತಟ್ಟೆ ಬಿಟ್ಟು ಕೂರುವ ಮಣೆ ಹಿಡಿದೆ. ಬೀಚ್ ಮರದ ಚೌಕಟ್ಟಿನ ಮೇಲೆ ನೆನೆಸಿದ ಹಾಳೆಯನ್ನು ಬಿಗಿದು ಒಣಗಿಸಿದ ಗಿಡ್ಡನೆಯ ಮಣೆ. ಹಾಳೆಯ ಒಳಮೈ ಬೆಣ್ಣೆಯ ಬಣ್ಣದ್ದು, ನುಣುಪು. ಆ ಚಂದ ಕಾಣಲೆಂದು ಒಳಮೈಯನ್ನು ಮೇಲೆ ಮಾಡಿ ಬಾಗಿಸಿದೆ. ಮೊದಲನೆಯದಕ್ಕೆ ಬೂಸ್ಟು ಬಂತು. ಎರಡನೆಯದು ಬಿಸಿಗಾಳಿಯ ಕೋಣೆಯಲ್ಲಿ ಒಣಗಿ, ನಡುರಾತ್ರಿ ಪಟಾರನೆ ಸೀಳಿತು. ಮೂರು, ನಾಲ್ಕು, ಐದೂ ಹಾಗೆಯೇ. ಎಲ್ಲಕ್ಕೂ ಚೀಟಿ ಅಂಟಿಸಿ ಜೋಡಿಸಿಟ್ಟೆ. ನಮ್ಮ ಮೇಷ್ಟ್ರು ಬಂದು ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ ಕೇಳಿದರು: ಎಷ್ಟು ಹೊತ್ತು ನೆನೆಸಿದೆ, ಯಾವ ತಿಂಗಳಲ್ಲಿ ಬಿದ್ದದ್ದು, ನಿಮ್ಮ ಊರಿನಲ್ಲಿ ಹೇಗೆ ಬಗ್ಗಿಸುತ್ತಾರೆ? ಇಪ್ಪತ್ತು ವರ್ಷ ಅಡಿಕೆ ತೋಟದೊಳಗೇ ಬೆಳೆದವನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ.

ಅಪ್ಪನಿಗೆ ಫೋನು ಮಾಡಿದೆ.

‘ಹಾಳೆಯನ್ನು ಎಷ್ಟು ಹೊತ್ತು ನೆನೆಸಬೇಕು ಅಪ್ಪಾ?’

‘ನೆನೆಯುವಷ್ಟು ಹೊತ್ತು.’

‘ಗಡಿಯಾರ ನೋಡಿ ಹೇಳಿ.’

‘ಹಾಳೆ ನೆನೆಸುವುದಕ್ಕೆ ಯಾರಾದರೂ ಗಡಿಯಾರ ನೋಡುತ್ತಾರೇನೋ? ಮುಟ್ಟಿದರೆ ಗೊತ್ತಾಗುತ್ತದೆ.’

ಮುಟ್ಟಲು ನನ್ನ ಬೆರಳಿಗೆ ಗೊತ್ತಿಲ್ಲ, ಅದಕ್ಕೇ ಗಡಿಯಾರ ಕೇಳುತ್ತಿದ್ದೇನೆ ಎಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಡಿಕೆ ದರ ಇಳಿದದ್ದನ್ನು ಹೇಳಿ ಫೋನಿಟ್ಟರು. ಎರಡು ವಾರ ಆ ಮಾತೇ ಇಲ್ಲ. ಮರೆತಿದ್ದಾರೆ ಎಂದುಕೊಂಡೆ.

ಕಳೆದ ಭಾನುವಾರ ಮೊಬೈಲಿಗೆ ಒಂದು ಚಿತ್ರ ಬಂತು. ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆ, ಅಪ್ಪನ ಗುಂಡಗಿನ ಅಕ್ಷರ. ‘ಬೇಸಿಗೆಯ ಹಾಳೆ, ಬಾವಿ ನೀರು: ಎರಡೂವರೆ ತಾಸು. ಮಳೆಗಾಲದ್ದು: ಮುಕ್ಕಾಲು ತಾಸು ಸಾಕು. ಬಿದ್ದ ದಿನವೇ ಆದರೆ ನೆನೆಸುವುದು ಬೇಡ. ಬುಡದ ಕಡೆ ದಪ್ಪ, ಅದನ್ನು ಮೊದಲು ಮುಳುಗಿಸಬೇಕು.’ ಅದರ ಕೆಳಗೆ ಎರಡು ಸಲ ಗೆರೆ ಎಳೆದು ಇನ್ನೂ ಒಂದು ಸಾಲು: ‘ನೀನು ಕಳಿಸಿದ ಫೋಟೋ ನೋಡಿದೆ. ಒಳಮೈಯನ್ನು ಮೇಲೆ ಮಾಡಿ ಬಗ್ಗಿಸಿದ್ದೀಯೇನು? ಮರ ಅದನ್ನು ಆ ಕಡೆಗೆ ಬಗ್ಗಿಸಿಲ್ಲ. ಸೀಳದೆ ಇನ್ನೇನು ಮಾಡೀತು.’